ಒಳ್ಳೆಯ ಚರ್ಮಕ್ಕೆ ಹಾಕಿದ ಷರತ್ತು

ಮೊಣಕೈಗಳಲ್ಲಿ ಬಿಳಿ ಹೊಟ್ಟು ಏಳುವ ಕೆಂಪು ಕಲೆಗಳು ಮೂಡಿದಾಗ ನಾನು ಫೋರ್ಟ್ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದೆ. ಪಾತ್ರೆ ತೊಳೆಯುವಲ್ಲಿಂದ ಕಾವಲಿಯವರೆಗೆ ಬರಲು ಆರು ವರ್ಷ ಹಿಡಿದಿತ್ತು. ಇಳಿಸಲು ಧಣಿಗೆ ಒಂದು ನೋಟ ಸಾಕಾಯಿತು.

"ಕುಷ್ಠದ ಕೈಯಲ್ಲಿ ದೋಸೆಯಾ? ಶನಿವಾರದೊಳಗೆ ಜಾಗ ಖಾಲಿ ಮಾಡು."

"ಕುಷ್ಠ ಅಲ್ಲ ಧಣಿ, ಸೋರಿಯಾಸಿಸ್. ಅಂಟುವುದಿಲ್ಲ."

"ನೀನು ಯಾವಾಗ ಡಾಕ್ಟ್ರಾದದ್ದು ಮಾರಾಯ?"

ರೋಗದ ಹೆಸರು ಹೇಳಿಕೊಟ್ಟದ್ದು ನಾನು ಕೈ ತೋರಿಸಿಕೊಂಡ ಆಸ್ಪತ್ರೆಯಲ್ಲಿದ್ದ, ಧಾರವಾಡ ಕಡೆಯ ಡಾಕ್ಟರು. ಅವರಿಗೆ ತಮ್ಮ ಸಂಶೋಧನೆಗೆ ನನ್ನ ಮೈಯಿಂದ ಬೇಳೆಯಷ್ಟು ಚರ್ಮದ ಎರಡು ತುಂಡು ಬೇಕಿತ್ತು: ಒಂದು ಕಲೆಯದ್ದು, ಒಂದು ತೊಡೆಯ ಒಳ್ಳೆಯ ಚರ್ಮದ್ದು. ಎರಡನ್ನೂ ಕಲೆಯಿಂದಲೇ ತೆಗೆಯಿರಿ, ಒಳ್ಳೆಯದನ್ನು ಯಾಕೆ ಕೆಡಿಸುವುದು ಎಂದೆ.

"ಹಂಗಾದ್ರ ಯಾವುದಕ್ಕ ಹೋಲಸ್ಲಿ? ಚರ್ಮದಾಗ ಕಿಣ್ವ ಅಂತ ಇರ್ತಾವ್ರೀ, ಒಳಗಿನ ಕೆಲಸಕ್ಕ ಚುರುಕು ಕೊಡ್ತಾವ. ಕಲೆಯಾಗ ಅವು ಮೈಮ್ಯಾಲೆ ಬಂದವರಂಗ ದುಡೀತಾವ ಅಂತ ನನ್ನ ಗುಮಾನಿ. ಖರೇ ಏನು ಅಂತ ತಿಳೀಲಿಕ್ಕೆ ಛಲೋ ಚರ್ಮಾನೂ ಬೇಕು."

ಎದುರಿನವನಿಗೆ ಬೇಕೇಬೇಕಾದದ್ದು ನಮ್ಮ ಹತ್ತಿರ ಇದೆ ಎಂದು ತಿಳಿದ ಗಳಿಗೆಯಲ್ಲೇ ಷರತ್ತು ಹಾಕಬೇಕು. ಕತ್ತರಿಸಿಕೊಂಡ ಮೇಲೆ ಯಾರೂ ಕೇಳುವುದಿಲ್ಲ.

"ಕೊಡ್ತೇನೆ. ನೀವು ಬಂದು ಧಣಿಯ ಎದುರು ನನ್ನ ಕೈಯ ದೋಸೆ ತಿನ್ನಬೇಕು."

"ಚೀಟಿ ಬರದ್ ಕೊಟ್ರ ಸಾಲದೇನು?"

"ಚೀಟಿ ಒಲೆಗೆ ಹೋಗ್ತದೆ."

ಡಾಕ್ಟರು ಒಪ್ಪಿದರು; ಚರ್ಮ ತೆಗೆದ ಎರಡೂ ಕಡೆ ಹೊಲಿಗೆ ಬಿತ್ತು. ಧಣಿ ಆಮೇಲೆ ಮಾತು ತಿರುಗಿಸಬಾರದೆಂದು ನಾನೇ ಶುಕ್ರವಾರ ಮಧ್ಯಾಹ್ನದ ಹೊತ್ತನ್ನು ಆರಿಸಿದೆ. ಆಫೀಸಿನವರಿಂದ ಮೇಜುಗಳು ತುಂಬಿರುತ್ತಿದ್ದ ಹೊತ್ತು. ಡಾಕ್ಟರು ಮಾತಿಗೆ ತಪ್ಪದೆ ಬಂದರು, ಎರಡು ದೋಸೆ ತಿಂದರು, ಬೆರಳು ನೆಕ್ಕಿ, ಧಣಿ ಕೂತಿದ್ದ ಗಲ್ಲಾಪೆಟ್ಟಿಗೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಯಜಮಾನ್ರ, ಇವರ ಮೊಣಕೈ ರೋಗ ಅಂಟೂದಲ್ಲ! ದಿನಾ ಇಂಥಾ ಚರ್ಮ ಮುಟ್ಟಾಂವ ನಾನು, ನನಗೇನಾಗೇತಿ?"

ಅಲ್ಲಿಯವರೆಗೆ ಗಿರಾಕಿಗಳಲ್ಲಿ ಒಬ್ಬನಿಗೂ ನನ್ನ ಮೊಣಕೈಯ ಸುದ್ದಿ ಗೊತ್ತಿರಲಿಲ್ಲ. ಈಗ ಎಲ್ಲರ ಕಣ್ಣೂ ಕಾವಲಿಯ ಮೇಲೆ. ಒಬ್ಬ ಬಾಯಿಯೊಳಗಿನದನ್ನು ತಟ್ಟೆಗೆ ಉಗಿದ. ಮೂರು ಮೇಜಿನವರು ಎದ್ದು ಹೋದರು.

ಧಣಿ ಡಾಕ್ಟರಿಗೆ ಕೈಮುಗಿದು, ನನ್ನ ಕಡೆ ತಿರುಗಿದ. "ಶನಿವಾರದವರೆಗೆ ಬೇಡ. ಈಗಲೇ ಹೊರಡು."

ಸಾಕ್ಷಿಗೆ ಜನ ಸೇರಿಸುವ ಮುಂಚೆ ಅವರಿಗೆ ಏನೇನು ಗೊತ್ತಿಲ್ಲ ಎಂದು ಎಣಿಸಿಕೊಳ್ಳಿ. ನಾನು ಎಣಿಸಲಿಲ್ಲ.

ಫುಟ್‌ಪಾತಿನಲ್ಲಿ ಡಾಕ್ಟರು ಮುಖ ಸಣ್ಣ ಮಾಡಿ ನಿಂತಿದ್ದರು. "ನಾ ಖರೇನ ಹೇಳಿದ್ನಲ್ರೀ!"

"ಧಣಿಯ ಕಿವಿಯಲ್ಲಿ ಹೇಳಿದ್ದರೆ ಸುಳ್ಳಾಗ್ತಿತ್ತಾ?" ಎಂದು ಬೈದೆ.