ಹದಿನೆಂಟು ಜನರ ಗೋಡೆ

ಮಾಲು ನೋಡುವ ಕಣ್ಣಿಂದ ನೋಡಿದರೆ ಕಾಜಾ ಅಕ್ಕ ಹಳೇ ಸ್ಟಾಕು. ವಯಸ್ಸು ಐವತ್ತನಾಲ್ಕು, ಬಣ್ಣ ಮಾಸಿದೆ, ಮಂಡಿ ಸವೆದಿದೆ. ಆದರೆ ಜಗ್ಗಿ ನೋಡಿ, ಒಂದು ಎಳೆಯೂ ಬಿಟ್ಟಿಲ್ಲ. ದಪ್ಪ ಕೋಟುಗಳಿಗೆ ಕೈಯಲ್ಲೇ ಕಾಜಾ ಹಾಕುವವರು, ಅಂದರೆ ಗುಂಡಿ ತೂರುವ ಕಂಡಿಯ ಅಂಚನ್ನು ದಾರದಿಂದ ಕಟ್ಟುವವರು, ಈಗ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಹೊಲಿಗೆ ಕಾರ್ಖಾನೆಯ ಯಜಮಾನ, ಅಂದರೆ ಇದನ್ನು ಬರೆಯುತ್ತಿರುವ ಆಸಾಮಿ, ಆಕೆಯನ್ನು ಇಪ್ಪತ್ತು ವರ್ಷದಿಂದ ಬಲ್ಲ.

ಆಕೆಯ ಮೈಯಲ್ಲಿರುವುದು ಒಂದೇ ಕಿಡ್ನಿ. ಇನ್ನೊಂದನ್ನು ಹನ್ನೊಂದು ವರ್ಷದ ಹಿಂದೆ ಗಂಡನಿಗೆ ಕೊಟ್ಟಿದ್ದಳು. ಅದನ್ನು ಗಂಡನ ಮೈ ಹೊರಗೆ ತಳ್ಳದಿರಲಿ ಎಂದು ಆತ ದಿನಾ ನುಂಗುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಡುತ್ತಿದ್ದವು. ಲಸಿಕೆ ಹಾಕಿಸಿದರೂ ಹತ್ತುತ್ತಿರಲಿಲ್ಲ. ಹಾಗಾಗಿ ಉಸಿರಿನ ಕಾಯಿಲೆ ಹರಡಲು ಶುರುವಾದಂದಿನಿಂದ ಕಾಜಾ ಅಕ್ಕನದು ಒಂದೇ ಹಟ, ಅದನ್ನು ತಾನು ಮನೆಗೆ ಹೊತ್ತೊಯ್ಯಬಾರದು. ಮಾಸ್ಕು ತೆಗೆಯಳು, ಮೂಲೆಯ ಕಿಟಕಿ ಬಿಟ್ಟು ಕೂರಳು, ಆ ಕಿಟಕಿ ಮುಚ್ಚಗೊಡಳು. ಗಾಳಿಗೆ ಕತ್ತರಿಸಿಟ್ಟ ತೋಳು, ಕಾಲರುಗಳೆಲ್ಲ ಹಾರಿ, ಕಟಿಂಗ್ ಮಾಸ್ಟರ್ ಅವುಗಳ ಹಿಂದೆ ಬೀಳುತ್ತಿದ್ದ.

"ಅಕ್ಕಾ, ನಿನ್ನ ಕಿಟಕಿ ದೆಸೆಯಿಂದ ನಂಗೆ ಸೊಂಟನೋವು."

"ಬಗ್ಗಿ ಮಾಸ್ಟ್ರೇ, ಹೊಟ್ಟೆ ಆದ್ರೂ ಕರಗುತ್ತೆ."

ಒಂದು ಚಳಿಗಾಲ ಕಾಯಿಲೆ ಕಾರ್ಖಾನೆಗೇ ನುಗ್ಗಿತು. ಹತ್ತೊಂಬತ್ತು ಜನರಲ್ಲಿ ಹದಿನೆಂಟು ಜನ ಹಾಸಿಗೆ ಹಿಡಿದು ಎದ್ದರು. ತಪ್ಪಿಸಿಕೊಂಡವಳು ಕಾಜಾ ಅಕ್ಕ ಒಬ್ಬಳೇ.

ಯಜಮಾನ ಪತ್ರಿಕೆಯಲ್ಲಿ ಓದಿದ್ದ: ಹೆಚ್ಚಿನವರಿಗೆ ನಿರೋಧಕ ಶಕ್ತಿ ಬಂದುಬಿಟ್ಟರೆ ಕಾಯಿಲೆಗೆ ದಾರಿ ಸಿಗದೆ ಉಳಿದವರೂ ಬಚಾವು, ದಡಾರ ಹಿಮ್ಮೆಟ್ಟಿದ್ದೇ ಹಾಗೆ. ಅರ್ಧ ಓದಿ ಪತ್ರಿಕೆ ಮಡಚುವುದು ಆತನ ಅಭ್ಯಾಸ. ಮಾರನೆಯ ದಿನವೇ ಆಕೆಯ ಕುರ್ಚಿಯನ್ನು ನಟ್ಟನಡುವೆ ಹಾಕಿಸಿ, ಸುತ್ತ ಕಾಯಿಲೆ ಬಂದುಹೋದವರ ಮೆಷಿನುಗಳನ್ನು ಇಡಿಸಿದ. ಕಿಟಕಿಗೆ ಚಿಲಕ ಬಿತ್ತು.

"ಹದಿನೆಂಟು ಜನದ ಗೋಡೆ ಕಟ್ಟಿದೀನಿ ಅಕ್ಕ. ಕೋಟೆ ಒಳಗೆ ರಾಣಿ ಹಂಗೆ ಕೂತ್ಕೋ."

"ಗೋಡೆ ಸೀನಲ್ಲ ಅಣ್ಣ. ಇವ್ರು ಸೀನ್ತಾರೆ."

"ಬಂದು ಹೋಯ್ತಲ್ಲ ಇವ್ರಿಗೆ. ಮತ್ತೆ ಬರುತ್ತಾ?"

"ನಂಗೇನು ಗೊತ್ತು. ಓದಿರೋರು ನೀವು," ಎಂದು ಆಕೆ ಸೂಜಿಗೆ ದಾರ ಪೋಣಿಸಿದಳು. ವಾದಕ್ಕೆ ಕೂರುವಷ್ಟು ತ್ರಾಣ ಆಕೆಯಲ್ಲಿ ಉಳಿದಿರಲಿಲ್ಲ.

ಏಳು ತಿಂಗಳು ಏನೂ ಆಗಲಿಲ್ಲ. ಬಟ್ಟೆ ಹಾರಲಿಲ್ಲ, ಯಜಮಾನ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಎಂಟನೆಯ ತಿಂಗಳು ಮಾಸ್ಟರ್ ಮೂಗು ಸೋರಿಸುತ್ತ ಬಂದ. ಬಟ್ಟೆಯ ಧೂಳು ಅಂದ, ಎಲ್ಲರೂ ನಂಬಿದರು. ಮೂರು ದಿನ ಕಾಜಾ ಅಕ್ಕನ ಬೆನ್ನ ಹಿಂದೆಯೇ ನಿಂತು ಕತ್ತರಿ ಆಡಿಸಿದ. ನಾಲ್ಕನೆಯ ದಿನ ಬರಲಿಲ್ಲ, ಫೋನು ಬಂತು.

"ಅಣ್ಣ, ಟೆಸ್ಟ್ ಮಾಡಿಸ್ದೆ. ಮತ್ತೆ ಅದೇ."

ಕೋಟುಗಳು ಆ ವಾರವೇ ಹೋಗಬೇಕಿತ್ತು. ಸುಮ್ಮನೆ ಗಾಬರಿ ಏಕೆ, ಗೋಡೆ ಇದೆಯಲ್ಲ ಎಂದುಕೊಂಡ ಯಜಮಾನ, ಮಾಸ್ಟರಿಗೆ ಸೊಂಟ ಹಿಡಿದಿದೆ ಎಂದು ಎಲ್ಲರಿಗೂ ಹೇಳಿದ.

ಎರಡು ದಿನಕ್ಕೆ ಕಾಜಾ ಅಕ್ಕನಿಗೆ ಜ್ವರ. ಒಂದೇ ಕೋಣೆಯ ಮನೆಯಲ್ಲಿ ಗಂಡನಿಗೆ ಬೆನ್ನು ಹಾಕಿ ಮಲಗಿದಳು. ಅಷ್ಟರಲ್ಲಿ ಕಾಯಿಲೆ ಆತನಿಗೆ ದಾಟಿಯಾಗಿತ್ತು. ಆತ ಆಸ್ಪತ್ರೆ ಸೇರಿ ಆರನೆಯ ದಿನ ಯಜಮಾನ ನೋಡಲು ಹೋದ. ವಾರ್ಡಿನ ಬಾಗಿಲಲ್ಲಿ ಡಾಕ್ಟರು ನಿಂತೇ ಮಾತಾಡಿದರು. ಅವರಿಗೂ ನಿದ್ದೆ ಇದ್ದಂತಿರಲಿಲ್ಲ.

"ದಡಾರ ಒಂದ್ಸಲ ಬಂದ್ರೆ ಜೀವಮಾನಕ್ಕೆ ಆಯ್ತು. ಇದು ಹಂಗಲ್ಲ ಇವ್ರೇ. ಕೆಲವೇ ತಿಂಗಳಿಗೆ ಮೂಗು ಗಂಟಲಿನ ಕಾವಲು ಸಡಿಲ ಆಗುತ್ತೆ, ವೈರಸ್ಸೂ ವೇಷ ಬದಲಾಯಿಸ್ಕೊಂಡು ಬರುತ್ತೆ. ನಿಮ್ಮ ಮಾಸ್ಟ್ರು ಬರೀ ನೆಗಡಿಲಿ ಪಾರಾದ್ರಲ್ಲ, ಅದು ಹಿಂದೆ ಬಂದಿದ್ದರ ಉಪಕಾರ. ಅವ್ರನ್ನ ಕಾಪಾಡ್ತು. ಪಕ್ಕದೋರಿಗೆ ಹರಡೋದನ್ನ ತಡೀಲಿಲ್ಲ."

ಯಜಮಾನ ತಲೆಯಾಡಿಸಿದ. ಬಾಳಿಕೆ ಇಲ್ಲದ ಮಾಲನ್ನು ಬಾಳಿಕೆಯದೆಂದು ನಂಬಿ ಗೋದಾಮು ತುಂಬಿಸಿದ ವ್ಯಾಪಾರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಗಂಡ ಬದುಕಿದ. ಕಿಡ್ನಿ ಉಳಿಯಲಿಲ್ಲ. ಈಗ ವಾರಕ್ಕೆ ಮೂರು ದಿನ ಕಾಜಾ ಅಕ್ಕ ಆತನನ್ನು ಡಯಾಲಿಸಿಸ್‌ಗೆ ಕರೆದೊಯ್ದು ನಾಲ್ಕು ಗಂಟೆ ಬೆಂಚಿನ ಮೇಲೆ ಕಾಯುತ್ತಾಳೆ. ಉಳಿದ ಮೂರು ದಿನ ಕೆಲಸಕ್ಕೆ ಬರುತ್ತಾಳೆ. ಮೊದಲ ದಿನ ಬಂದಾಗ ತಾನಾಗಿಯೇ ಹೇಳಿದಳು:

"ಹನ್ನೊಂದು ವರ್ಷ ಓಡ್ತು ಅಣ್ಣ, ನಂದು ಅವ್ರ ಹೊಟ್ಟೆಲಿ. ನಾನೇ ಹಾಳು ಮಾಡ್ದೆ. ಬಸ್ಸಲ್ಲಿ ಒಂದಿನ ಬಾಯಾರಿಕೆ ತಡೀಲಾರ್ದೆ ಮಾಸ್ಕ್ ತೆಗ್ದು ನೀರು ಕುಡ್ದೆ. ಅಲ್ಲೇ ಹತ್ಕೊಂಡಿರ್ಬೇಕು. ಅವ್ರ ಮುಖ ನೋಡಕ್ಕಾಗಲ್ಲ ನಂಗೆ."

"ಇರಬಹುದು," ಅಂದ ಯಜಮಾನ.

ಆಕೆಯ ತಪ್ಪು ಏನೂ ಇರಲಿಲ್ಲ, ಮಾಸ್ಟರಿನ ಕಾಯಿಲೆ ಗೊತ್ತಿದ್ದೂ ತಾನು ಮುಚ್ಚಿಟ್ಟಿದ್ದೆ ಎಂದು ಯಜಮಾನ ಆಕೆಗೆ ಹೇಳಬೇಕು. ಆಕೆಯ ಗಂಡನೆದುರಿಗೇ ಹೇಳಬೇಕು. ಇನ್ನೂ ಹೇಳಿಲ್ಲ.