ತೇಗದ ಫಿನಿಶಿಂಗು

ನಮ್ಮವ್ವ ಬೀಗರ ಮುಂದೆ ಜಂಬದಿಂದ ಹೇಳಿಬಿಟ್ಟಿದ್ದಳು: "ಮಗಳಿಗೆ ತೇಗದ ಮಂಚ ಕೊಡ್ತೀವಿ." ತೊಂಬತ್ತರ ದಶಕದ ಮೊದಲ ವರ್ಷಗಳು, ನನ್ನ ಮದುವೆ ಗೊತ್ತಾಗಿತ್ತು. ಆ ಮಾತು ಸುಳ್ಳಾದರೆ ಹೊಸಹೊಳಲಿನ ಅತ್ತೆಮನೆಯಲ್ಲಿ ತಲೆ ತಗ್ಗಿಸಬೇಕಾದವಳು ನಾನು.

ನಾನೂ ಅವ್ವನೂ ಅರಕೆರೆಯಿಂದ ಬಸ್ಸು ಹತ್ತಿ ಶ್ರೀರಂಗಪಟ್ಟಣದ ಮಂಚದ ಅಂಗಡಿಗೆ ಬಂದೆವು. ಅವ್ವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಡೇರಿಯವನು ಹಾಲು ಅಳೆಯುವಾಗ ಅವನ ಹೆಬ್ಬೆರಳನ್ನೇ ನೋಡುವವಳು. ಅಂಗಡಿಯವನ ನಗು ಕಂಡು ನನಗೂ ಅನುಮಾನ ಹತ್ತಿತು. ಮಾರುವವನು ಅಷ್ಟೊಂದು ನಗಬಾರದು.

"ಇದು ತೇಗವೇನಪ್ಪಾ?" ಅಂದಳು ಅವ್ವ, ಒಂದು ಮಂಚ ಮುಟ್ಟಿ.

"ತೇಗದ ಫಿನಿಶಿಂಗು ಕಣವ್ವಾ. ಉಳ ಇಡಿಯಾಕಿಲ್ಲ, ಬಿರುಕು ಬುಡಾಕಿಲ್ಲ."

"ಅಂಗಂದ್ರೇನ್ಲಾ?"

"ಫಿನಿಶ್ ಅಂದ್ರೆ ಪೂರ್ತಿ ಮುಗ್ಸಿರೋದು ಅಂತ."

"ಪೂರ್ತಿ ತೇಗ?"

"ನೀವೇ ಗೆರೆ ನೋಡ್ಕಳಿ."

ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ, ಕಳ್ಳ! ಅವ್ವ ಮೂಸಿದಳು, ಬೆರಳ ಗೆಣ್ಣಿನಿಂದ ಕುಟ್ಟಿದಳು. ಕೊನೆಗೆ ಸೆರಗು ಸಿಕ್ಕಿಸಿ ಮಂಚದ ಒಂದು ತುದಿ ಎತ್ತಲು ಹೋಗಿ "ಅಯ್ಯಪ್ಪಾ!" ಎಂದು ಕೈಬಿಟ್ಟಳು. ಅಲ್ಲಿಗೆ ಅವಳ ಅನುಮಾನ ಮುಗಿಯಿತು. ಕಬ್ಬನ್ನೂ ಬೆಲ್ಲವನ್ನೂ ತೂಗಿಯೇ ಬದುಕಿದ ನಮಗೆ ಭಾರವೆಂದರೆ ಗಟ್ಟಿ, ಗಟ್ಟಿಯೆಂದರೆ ಅಸಲು. ಮಂಚ ಟೆಂಪೋ ಹತ್ತಿ ನನ್ನ ಹಿಂದೆ ಅತ್ತೆಮನೆಗೆ ಬಂತು. ಆ ನಗು ಮಾತ್ರ ನನ್ನನ್ನು ಕೊರೆಯುತ್ತಲೇ ಇತ್ತು.

ಯುಗಾದಿ ಬಂತು. ಅತ್ತೆ ಹಬ್ಬಕ್ಕೆ ಸಾಮಾನನ್ನೆಲ್ಲ ಅಂಗಳಕ್ಕೆ ತೆಗೆದು ತೊಳೆಯುವವರು. ಮಣೆ, ಒನಕೆ, ಬಾಗಿಲು, ಯಾವ ಮರ ನೀರಿಗೆ ಹೆದರಿದೆ? ನನ್ನ ಮಂಚಕ್ಕೂ ಕೊಡಗಟ್ಟಲೆ ಸುರಿದು ತೆಂಗಿನ ನಾರಿನಲ್ಲಿ ಉಜ್ಜಿದರು. ಸಂಜೆಗೆ ಹಲಗೆ ಟೀಯಲ್ಲಿ ಅದ್ದಿದ ರಸ್ಕಿನಂತೆ ಊದಿಕೊಂಡಿತು. ಮೇಲಿನ ತೇಗದ ಸಿಪ್ಪೆ ಎದ್ದು ಬಂತು. ಒಳಗೆಲ್ಲ ಗೋಂದು ಕಲಸಿ ಒತ್ತಿದ ಮರದ ಹೊಟ್ಟು.

ಅತ್ತೆ ಆ ಸಿಪ್ಪೆ ಕೈಯಲ್ಲಿ ಹಿಡಿದು, "ನಿಮ್ಮವ್ವ ತೇಗ ಅಂದಿದ್ಲಲ್ಲವ್ವಾ?" ಎಂದರು.

"ಅವ್ವನಿಗೇ ಮೋಸ ಆಗೈತೆ ಕಣತ್ತೆ," ಅಂದೆ.

"ಹೂಂ," ಅಂದರು, ಅಷ್ಟೇ. ಜಗಳವಾಡಿದ್ದರೆ ಚೆನ್ನಾಗಿತ್ತು.

ಮುಂದಿನ ಸಂತೆಯ ದಿನ ಅತ್ತೆ, ಮದುವೆಯಲ್ಲಿ ಅವ್ವ ಹಾಕಿದ್ದ ಚಿನ್ನದ ಸರವನ್ನು ನನ್ನ ಕೊರಳಿಂದ ಬಿಚ್ಚಿಸಿಕೊಂಡರು. "ಕೊಂಡಿ ಸಡ್ಲಾಗೈತೆ, ಪೇಟೇಲಿ ಆಚಾರಿಗೆ ತೋರುಸ್ಕಂಡ್ ಬತ್ತೀನಿ." ಕೊಂಡಿ ಗಟ್ಟಿಯಾಗಿಯೇ ಇತ್ತು. ಸಂಜೆ ಸರವನ್ನು ಕೈಗಿಟ್ಟು, "ಚಿನ್ನವೇ ಕಣವ್ವ," ಅಂದರು, ಸಮಾಧಾನದಿಂದ.

ಮೈಯೆಲ್ಲ ಉರಿದುಹೋಯಿತು. ಅವ್ವನ ಸರವನ್ನು ಆ ಮನೆಯಲ್ಲಿ ಮತ್ತೆ ಕೊರಳಿಗೆ ಹಾಕಲಿಲ್ಲ.