ಕೂಸಿಗೊಂದು ಕುಲಾವಿ

ನಮ್ಮ ಕನ್ನಡದಲ್ಲಿ ಮನುಷ್ಯರನ್ನು ಕರೆಯುವುದಿದೆಯಲ್ಲ, ಅದು ಅಂದುಕೊಂಡಷ್ಟು ಸಲೀಸಲ್ಲ. ಬರೀ ‘ಬಾ’ ಅಂದರೆ ಒಣಒಣ. ಮಗನಾದರೆ ‘ಬಾರೋ’ ಅನ್ನಬೇಕು, ಮಗಳಾದರೆ ‘ಬಾರೇ’ ಅನ್ನಬೇಕು. ಸಲಿಗೆಯೆಲ್ಲ ಇರುವುದು ಮಾತಿಗೆ ಅಂಟಿದ ಆ ಪುಟ್ಟ ಬಾಲದಲ್ಲೇ. ತಾಳ್ಯ ಊರಿನಲ್ಲಿ ಕಂಬಳಿ ನೇಯುವ ಗುಡ್ಡಪ್ಪನಿಗೆ ಮಾತ್ರ ತನ್ನ ಚೊಚ್ಚಲ ಮಗುವನ್ನು ಕರೆಯಲು ಹೋದಾಗೆಲ್ಲ ಆ ಬಾಲ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಅವನು ‘ಕೂಸು’ ಅನ್ನುತ್ತಿದ್ದ. ಕೂಸು ಬಂತು, ಕೂಸು ಉಂಡಿತು, ಕೂಸಿಗೆ ಜ್ವರ. ಕೂಸು ಅಂದುಬಿಟ್ಟರೆ ಗಂಡೂ ಅನ್ನಬೇಕಾಗಿಲ್ಲ, ಹೆಣ್ಣೂ ಅನ್ನಬೇಕಾಗಿಲ್ಲ, ಬಾಲದ ಉಸಾಬರಿಯೇ ಇಲ್ಲ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಆ ಕೂಸಿಗೆ ಇಪ್ಪತ್ತೈದು ದಾಟಿತ್ತು!

ಹುಟ್ಟಿದಾಗ ಇಟ್ಟ ಹೆಸರು ಬೀರಪ್ಪ. ಕುರುಬರ ಮನೆ, ಮೊದಲ ಗಂಡು, ಮನೆದೇವರ ಹೆಸರು, ಇನ್ನೇನು ಬೇಕು? ಆದರೆ ಕಂಬಳಿ ಮಾಡುವ ಮನೆಗಳಲ್ಲಿ ಕೆಲಸಕ್ಕೂ ಗಂಡು ಹೆಣ್ಣು ಉಂಟು. ಕುರಿಯ ಉಣ್ಣೆ ಕತ್ತರಿಸುವುದು, ಮಗ್ಗಕ್ಕೆ ಕೂರುವುದು ಗಂಡಸರು. ರಾಟೆ ತಿರುಗಿಸಿ ನೂಲುವುದು ಹೆಂಗಸರು. ಈ ಮಗು ಅವ್ವನ ಪಕ್ಕ ರಾಟೆಯ ಮುಂದೆ ಕೂತದ್ದು ಏಳಲೇ ಇಲ್ಲ. ‘ಲೇ, ಮಗ್ಗಕ್ಕೆ ಬಾರೋ’ ಅಂತ ಅಪ್ಪ ಕರೆದರೆ ಯಾರೋ ಬೇರೆಯವರನ್ನು ಕರೆದ ಹಾಗೆ ಹಿಂದೆ ತಿರುಗಿ ನೋಡುತ್ತಿತ್ತು.

ಹದಿನಾರು ತುಂಬುವ ಹೊತ್ತಿಗೆ ಒಂದು ಬೆಳಗ್ಗೆ ಅವ್ವನ ಸೀರೆ ಉಟ್ಟು, ಕೊಡ ಹೊತ್ತು ಕೆರೆಗೆ ಹೋಗಿ ನೀರು ತಂದಳು. ಹೌದು, ತಂದಳು. ಇಲ್ಲಿಂದ ಮುಂದೆ ಹೀಗೇ ಹೇಳುವುದು. ಆಗದವರು ಎದ್ದು ಹೋಗಬಹುದು. ಬೀರಮ್ಮ ಅನ್ನುವ ಹೆಸರನ್ನು ಅವಳೇ ಇಟ್ಟುಕೊಂಡಳು. ದೇವರ ಹೆಸರು ಬಿಡಲಿಲ್ಲ ನೋಡಿ, ಕೊನೆಯನ್ನಷ್ಟೇ ಬದಲಾಯಿಸಿಕೊಂಡಳು.

ಊರು ಸುಮ್ಮನಿರುತ್ತದೆಯೇ? ಹಿರಿಯರು ಗುಡ್ಡಪ್ಪನನ್ನು ಕಟ್ಟೆಗೆ ಕರೆಸಿದರು. “ಇದು ದೇವಿ ಕಾಟ ಕಣಪ್ಪ. ಎಲ್ಲಮ್ಮನ ಗುಡ್ಡಕ್ಕೆ ಕರ್ಕಂಡೋಗಿ ಮುತ್ತು ಕಟ್ಸಿ, ದೇವಿಗೆ ಅಂತ ಅಲ್ಲೇ ಬಿಟ್ಟು ಬಾ” ಎಂದರು. ಗುಡ್ಡಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು, “ನಮ್ಮನೆ ಕೂಸು ನಮ್ಮನ್ಯಾಗೇ ಇರ್ತೈತೆ” ಎಂದವನೇ ಎದ್ದು ಬಂದ. ಕೂಸು ಅನ್ನುವುದು ಶುರುವಾದದ್ದು ಅವತ್ತೇ. ಆ ಮಾತನ್ನು ಯಾರೋ ಬಂದು ಹೇಳಿದಾಗ ಬೀರಮ್ಮ ರಾಟೆಯ ಮುಂದೆ ಕೂತು ಸಂತೋಷಕ್ಕೆ ಗಳಗಳ ಅತ್ತಳು. ಅಪ್ಪ ತನ್ನನ್ನು ಬಿಟ್ಟುಕೊಡಲಿಲ್ಲ. ಆದರೆ ಪುಣ್ಯಾತ್ಮ ಆ ಮಾತಿನಿಂದ ಒಂದು ಹೆಜ್ಜೆ ಮುಂದಕ್ಕೂ ಬರಲಿಲ್ಲ. ಅವ್ವ ಮಲ್ಲಕ್ಕ ಬಚ್ಚಲಲ್ಲಿ ತಲೆ ಉಜ್ಜುವಾಗ ಮೆಲ್ಲಗೆ ‘ಬೀರವ್ವ’ ಅನ್ನುತ್ತಿದ್ದಳು, ಹೊರಗೆ ಬಂದರೆ ತುಟಿ ಬಿಚ್ಚುತ್ತಿರಲಿಲ್ಲ. ಬಾಯ್ತುಂಬ ‘ಅಕ್ಕ’ ಅನ್ನುತ್ತಿದ್ದವಳು ತಂಗಿ ಚಂದ್ರಕ್ಕ ಒಬ್ಬಳೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತೊದಲುವಾಗಿಂದ ಹಾಗೇ.

ಈಗ ಆ ತಂಗಿಯ ಮದುವೆಯೇ ಬೀರಮ್ಮನ ಎದೆಯ ಮೇಲೆ ಕೂತಿತ್ತು. ಹಿಂದಿನ ವರ್ಷ ಹೊಸದುರ್ಗದ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ನೀರು ಕೊಡಲು ಹೊರಗೆ ಬಂದ ಬೀರಮ್ಮನನ್ನು ಮೇಲಿಂದ ಕೆಳಗೆ ನೋಡಿ, ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ಚಂದ್ರಕ್ಕ ಆ ನೀರನ್ನು ಗಿಡಕ್ಕೆ ಚೆಲ್ಲಿ ಲೋಟ ತೊಳೆದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತೇ ಬೀರಮ್ಮ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು: ಇನ್ನೊಂದು ಸಂಬಂಧ ತನ್ನಿಂದ ಮುರಿದರೆ ತಾನು ಈ ಮನೆಯಲ್ಲಿ ಇರುವುದಿಲ್ಲ. ದಾವಣಗೆರೆಯಲ್ಲಿ ತನ್ನಂಥವರು ಕೂಡಿ ಒಂದು ಮನೆ ಮಾಡಿಕೊಂಡಿದ್ದಾರಂತೆ, ಕುರಿ ವ್ಯಾಪಾರದವರು ಹೇಳಿದ್ದರು. ಎರಡು ಸೀರೆಯ ಗಂಟು ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಉಣ್ಣೆ ಮೂಟೆಯ ಹಿಂದೆ ಇಟ್ಟಳು. ಯಾರಿಗೂ ಹೇಳಲಿಲ್ಲ.

ಈ ಸಲ ಬರುವವರು ಭರಮಸಾಗರದವರು. ಸಂಬಂಧ ತಂದವನು ಹೊಳಲ್ಕೆರೆಯ ಜುಂಜಪ್ಪ, ಒಳ್ಳೆಯವನೇ, ಆದರೆ ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಅರ್ಧ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುವ ಆಸಾಮಿ. ಬರುವ ದಿನ ಬೆಳಗ್ಗೆ ಬೀರಮ್ಮ ರಾಟೆಯ ಮುಂದೆ ಕೂತಳು. ನೂಲು ಮೂರು ಮೂರು ಸಲ ಹರಿಯಿತು.

“ನಾನು ಒಳಗೇ ಇರ್ತೀನಿ ಕಣವ್ವ. ಉಸಿರು ಸೈತ ಬಿಡಲ್ಲ” ಎಂದಳು.

ಮಲ್ಲಕ್ಕ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಮಗಳ ಮುಖ ನೋಡಲಿಲ್ಲ. “ಇವತ್ತೊಂದಿನ” ಎಂದಳು. ಒಗ್ಗರಣೆಯ ಹೊಗೆಯೋ ಏನೋ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಚಂದ್ರಕ್ಕ ಹಸಿರು ನೈಲಾನ್ ಸೀರೆಯಲ್ಲಿ ಸಿಡಿಮಿಡಿಗುಟ್ಟುತ್ತಿದ್ದಳು. “ಅಕ್ಕ ಇಲ್ದಂಗೆ ನಾನು ಅವ್ರ ಮುಂದೆ ಕುಂತ್ಕಳಲ್ಲ.”

“ಕುಂತ್ಕ ಸುಮ್ನೆ! ಜಡೆ ಬಿಚ್ಚಿ ಹೋಗೈತೆ, ತಿರುಗು ಈ ಕಡೆ” ಎಂದು ಬೀರಮ್ಮ ಗದರಿ ತಂಗಿಯ ಜಡೆ ಬಿಗಿದಳು. ಅಷ್ಟು ಬಿಗಿಯಾಗಿ ಯಾವತ್ತೂ ಹೆಣೆದಿರಲಿಲ್ಲ.

ಚಿತ್ರದುರ್ಗದಲ್ಲಿ ಒಂದು ಬಸ್ಸು, ಹೊಳಲ್ಕೆರೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಬಂದವರು ಹುಡುಗ, ಅವನ ತಾಯಿ ಓಬಮ್ಮ, ಸೋದರಮಾವ ಮುರುಗಪ್ಪ. ಜತೆಗೆ ಜುಂಜಪ್ಪ. “ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಗುಡ್ಡಪ್ಪ ಹೊಸ ಕಂಬಳಿ ಹಾಸಿದ. ಬೀರಮ್ಮ ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಹುಡುಗಿಯ ಹೆಸರು ಕೇಳಿದರು. ರೊಟ್ಟಿ ತಟ್ಟಲು ಬರುತ್ತದಾ ಅಂದರು. ಮುರುಗಪ್ಪ ಕಂಬಳಿಯ ಅಂಚನ್ನು ಸವರಿ, “ನೂಲು ಚೆನ್ನಾಗೈತೆ” ಎಂದ. ಹುಡುಗ ಏನೋ ಅಂದ, ಎಲ್ಲರೂ ನಕ್ಕರು, ಚಂದ್ರಕ್ಕನೂ ನಕ್ಕಳು. ತಂಗಿಯ ಆ ನಗು ಬೀರಮ್ಮನಿಗೆ ಗೊತ್ತಿತ್ತು, ಹುಡುಗ ಹಿಡಿಸಿದ್ದಾನೆ. ದೇವರೇ, ಬೀರಪ್ಪಾ, ಇನ್ನೊಂದು ಗಳಿಗೆ ಹೀಗೇ ನಡೆಸಪ್ಪ ಅಂತ ಕೈ ಮುಗಿದಳು.

ಆಗ ಓಬಮ್ಮ ಕೈಚೀಲಕ್ಕೆ ಕೈ ಹಾಕಿದಳು. “ಅಲ್ಲ ಕಣವ್ವ ಮಲ್ಲಕ್ಕ, ಬಂದಾಗಿಂದ ನೋಡ್ತಿದೀನಿ. ಕೂಸೆಲ್ಲಿ?”

ಮಲ್ಲಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಯಾ... ಯಾವ ಕೂಸವ್ವ?”

“ಅಯ್ಯ! ಮನ್ಯಾಗೆ ಯಾರ್ಯಾರು ಅವ್ರೆ ಅಂತ ಕೇಳಿದ್ರೆ ಜುಂಜಪ್ಪಣ್ಣನೇ ಹೇಳಿದ್ನಲ್ಲ, ಗಂಡ, ಹೆಂಡ್ತಿ, ಹುಡುಗಿ, ಒಂದು ಕೂಸು ಅಂತ. ಕೂಸಿರೋ ಮನೆಗೆ ಬರಿಗೈಲಿ ಬರ್ತಾರಾ? ನಾನೇ ಕುಂತು ಹೊಲ್ಕಂಡು ಬಂದೀನಿ.” ಹೀಗೆಂದು ಕೆಂಪು ಬಟ್ಟೆಯ ಕುಲಾವಿಯೊಂದನ್ನು ಎತ್ತಿ ಹಿಡಿದಳು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕುಲಾವಿ, ಅಂಚಿಗೆ ಬಿಳಿ ಮಣಿ, ಗದ್ದಕ್ಕೆ ಕಟ್ಟಲು ಎರಡು ದಾರ.

ಜುಂಜಪ್ಪ ತಲೆ ಮೇಲೆತ್ತಿ ಸೂರಿನ ತೊಲೆ ಎಣಿಸತೊಡಗಿದ. ಈ ಮನೆಯವರು ಆಡುವ ಮಾತನ್ನೇ ಅವನು ಅಲ್ಲಿಗೆ ಸಾಗಿಸಿದ್ದ. ಸುಳ್ಳು ಹೇಳಲಿಲ್ಲ ನೋಡಿ, ಆದರೆ ನಿಜವನ್ನೂ ಹೇಳಲಿಲ್ಲ.

“ಮಲಗೈತೆ” ಎಂದುಬಿಟ್ಟಳು ಮಲ್ಲಕ್ಕ.

“ಮಲಗ್ಲಿ ಬಿಡು, ಎಬ್ಸಲ್ಲ. ತೊಟ್ಲತ್ರ ನಿಂತು ನೋಡ್ಕಂಡು ಬರ್ತೀನಿ” ಎಂದು ಓಬಮ್ಮ ಮಂಡಿಗೆ ಕೈಯೂರಿ ಎದ್ದಳು.

ಬೀರಮ್ಮ ಬಾಗಿಲಿಂದ ಹಿಂದೆ ಸರಿದಳು. ತೊಟ್ಟಿಲೆಲ್ಲಿ, ಮಗುವೆಲ್ಲಿ! ಈ ಹೆಂಗಸು ಒಳಗೆ ಬಂದರೆ ಕಾಣುವುದು ಆರಡಿ ಎತ್ತರದ ತಾನು. ಉಣ್ಣೆ ಮೂಟೆಯ ಹಿಂದಿನ ಗಂಟನ್ನು ಎಳೆದುಕೊಂಡು ಹಿತ್ತಿಲ ಬಾಗಿಲಿಗೆ ಓಡಿದಳು. ಚಿಲಕಕ್ಕೆ ಕೈ ಹಾಕಿದಳು. ಕೂಸು ಪಕ್ಕದ ಮನೆಗೆ ಹೋಗಿದೆ ಅಂತ ಅವ್ವ ಏನಾದರೂ ಹೇಳಿಕೊಳ್ಳುತ್ತಾಳೆ. ತಾನು ಹೊಲದ ದಾರಿ ಹಿಡಿದು ರಸ್ತೆಗೆ ಹೋದರೆ ಬಸ್ಸು ಸಿಗುತ್ತದೆ.

“ಕುಂತ್ಕಳ್ರಿ ಅಕ್ಕಾರೇ” ಅಂತ ಗುಡ್ಡಪ್ಪನ ದನಿ ಕೇಳಿತು. “ಕೂಸು ಮಲಗಿಲ್ಲ.”

ಬೀರಮ್ಮನ ಕೈ ಚಿಲಕದ ಮೇಲೇ ನಿಂತಿತು.

“ಬೀರವ್ವಾ” ಎಂದ ಗುಡ್ಡಪ್ಪ. ಆ ಹೆಸರು ಅವನ ಬಾಯಲ್ಲಿ ಅದೇ ಮೊದಲು. ಆಮೇಲೆ, “ಬಾ...” ಎಂದ. ಅಲ್ಲಿಗೆ ನಿಂತ. ಅವನು ನಿಲ್ಲುವ ಜಾಗ ಬೀರಮ್ಮನಿಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಅವನು ನಿಂತದ್ದು ಅಲ್ಲೇ. ನಿಲ್ಲಿಸಿಬಿಡು ಅಪ್ಪಾ ಅಂದುಕೊಂಡಳು. ತಂಗಿಯ ಬಾಳು ಹಾಳಾಗುತ್ತದೆ, ಬೇಡ. ಅವಳ ಕಿವಿ ಮಾತ್ರ ಅವಳ ಮಾತು ಕೇಳದೆ ಕಾಯುತ್ತಿತ್ತು.

“ಬಾರೇ” ಎಂದ ಗುಡ್ಡಪ್ಪ. “ಬಾರೇ ಇಲ್ಲಿ.”

ಗಂಟು ಕೈಜಾರಿತು. ಬೀರಮ್ಮ ಸೆರಗು ಹೊದ್ದು ಹೊರಗೆ ಬಂದು ಗೋಡೆಗೆ ಆತು ನಿಂತಳು.

“ಇವ್ಳು ನನ್ ದೊಡ್ಡ ಮಗ್ಳು” ಎಂದ ಗುಡ್ಡಪ್ಪ. “ನೀವು ಕುಂತಿರೋ ಕಂಬ್ಳಿ ನೂಲು ಇವಳ್ದೇ. ಹುಟ್ಟಿದಾಗ ನಾವು ಗಂಡು ಅಂದ್ಕಂಡ್ವಿ. ಅಲ್ಲ ಅಂತ ಇವ್ಳೇ ಹೇಳಿದ್ಲು. ಕೂಸು ಅಂತ ಹೇಳ್ಕಂಡು ಬಂದೋನು ನಾನು, ಜುಂಜಪ್ಪನ ಮೇಲೆ ಸಿಟ್ಟಾಗ್ಬ್ಯಾಡ್ರಿ.”

ಮುರುಗಪ್ಪ ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದ. “ಹೇಳಿ ಕಳಿಸ್ತೀವಿ. ನಡೀರಿ, ಹೋಗಾಣ” ಎಂದ. ಹುಡುಗ ಚಂದ್ರಕ್ಕನ ಕಡೆ ನೋಡಿ, ಮಾವನ ಕಡೆ ನೋಡಿ, ಎದ್ದ. ಓಬಮ್ಮ ಬೀರಮ್ಮನ ಮುಖವನ್ನೊಮ್ಮೆ, ಕೈಯಲ್ಲಿದ್ದ ಕುಲಾವಿಯನ್ನೊಮ್ಮೆ ನೋಡಿದಳು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಅವರ ಹಿಂದೆ ಹೊರಟಳು. ಅವರು ಹೋದ ಮೇಲೆ ಕಂಬಳಿಯ ಮಡಿಕೆಯಲ್ಲಿ ಕುಲಾವಿ ಬಿದ್ದಿತ್ತು.

“ಮರ್ತು ಹೋದ್ರೋ, ಬ್ಯಾಡ ಅಂತ ಬಿಸಾಕಿ ಹೋದ್ರೋ!” ಎಂದು ಮಲ್ಲಕ್ಕ ಅಳತೊಡಗಿದಳು. ಆಮೇಲೆ ಗಂಡನ ಮೇಲೆ ಹರಿಹಾಯ್ದಳು. “ಇಷ್ಟು ವರ್ಸ ಬಾಯಿಗೆ ಬೀಗ ಹಾಕ್ಕಂಡಿದ್ದೋರು ಇವತ್ತೇ ತೆಗೀಬೇಕಿತ್ತೇನ್ರಿ?” ಗುಡ್ಡಪ್ಪ ಹಾಸಿದ ಕಂಬಳಿ ಮಡಿಸತೊಡಗಿದ. ಚಂದ್ರಕ್ಕ ಅಕ್ಕನ ಪಕ್ಕ ಬಂದು ಕೂತು, ಅವಳ ತೋಳಿಗೆ ಹಣೆ ಹಚ್ಚಿ ಬಿಕ್ಕಿದಳು. ಬೀರಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎದೆಯೊಳಗೆ ‘ಬಾರೇ’ ಅನ್ನುವುದು ಕುಣಿಯುತ್ತಿತ್ತು, ಆ ಕುಣಿತಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಎಂಥ ಸ್ವಾರ್ಥಿ ನಾನು ಅಂದುಕೊಂಡಳು.

ಮಾರನೆಯ ಬೆಳಗ್ಗೆ ಗಂಟು ಎತ್ತಿಕೊಂಡಳು. ಕೊಟ್ಟ ಮಾತು ಕೊಟ್ಟದ್ದೇ, ತನಗೇ ಕೊಟ್ಟುಕೊಂಡಿದ್ದರೂ. ಅಂಗಳದಲ್ಲಿ ಅಪ್ಪ ಆಗಲೇ ಮಗ್ಗಕ್ಕೆ ಕೂತಿದ್ದ. ಅವನ ಬೆನ್ನ ಹಿಂದೆ ಸದ್ದಿಲ್ಲದೆ ದಾಟಬೇಕು. ಅರ್ಧ ದಾಟಿದ್ದಳು.

“ನೂಲು ಮುಗೀತು. ಇನ್ನೊಂದುಂಡೆ ತಾರೇ” ಎಂದ ಗುಡ್ಡಪ್ಪ, ತಿರುಗಿಯೂ ನೋಡದೆ.

ಬೀರಮ್ಮ ನಿಂತಲ್ಲೇ ನಿಂತಳು. ಈಗ ಮನೆಯಲ್ಲಿ ನೆಂಟರಿಲ್ಲ. ಕುಲಾವಿ ಹಿಡಿದು ಒಳಗೆ ನುಗ್ಗುವವರಿಲ್ಲ. ನಿನ್ನೆಯದು ಸಿಕ್ಕಿಹಾಕಿಕೊಂಡು ಆಡಿದ ಮಾತಾಗಿದ್ದರೆ ಇವತ್ತು ಮತ್ತೆ ಕೂಸು ಅನ್ನಬಹುದಾಗಿತ್ತು. ಅವನು ಅನ್ನಲಿಲ್ಲ.

“ಕಿವಿ ಕೇಳಲ್ವೇನೇ? ನೂಲು ಅಂದೆ.”

“ಬಂದೆ ಕಣಪ್ಪ” ಎಂದಳು. ಗಂಟನ್ನು ಉಣ್ಣೆ ಮೂಟೆಯ ಹಿಂದಕ್ಕೆ ತಳ್ಳಿ ನೂಲಿನ ಉಂಡೆ ತಂದುಕೊಟ್ಟಳು. ಗಂಟನ್ನು ಬಿಚ್ಚಲಿಲ್ಲ. ಬಿಚ್ಚುವ ಧೈರ್ಯವಿರಲಿಲ್ಲ.

ಆಮೇಲಿನ ದಿನಗಳು ಇವೆಯಲ್ಲ, ಅವು ಯಾರಿಗೂ ಬೇಡ. ಬಸ್ಸಿನ ಹಾರ್ನು ಕೇಳಿದರೆ ನಾಲ್ಕು ಜನರೂ ಬಾಗಿಲ ಕಡೆ ನೋಡುವುದು, ಆಮೇಲೆ ಯಾರೂ ನೋಡಲಿಲ್ಲವೆಂಬಂತೆ ಕೆಲಸಕ್ಕೆ ಹತ್ತುವುದು. ಕುಲಾವಿಯನ್ನು ಮಲ್ಲಕ್ಕ ಗೋಡೆಯ ಗೂಡಿನಲ್ಲಿಟ್ಟಳು. ವಾಪಸು ಕೊಡುವುದಾದರೆ ಮಾಸಿರಬಾರದು ಅಂತ ಬೀರಮ್ಮ ಅದಕ್ಕೊಂದು ಬಟ್ಟೆ ಮುಚ್ಚಿದಳು.

ಕೊನೆಗೊಂದು ಮಧ್ಯಾಹ್ನ ಜುಂಜಪ್ಪ ಬಂದ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಆಸಾಮಿಯೇ ಅಂಥವನು. ಗುಡ್ಡಪ್ಪ ಮಗ್ಗ ನಿಲ್ಲಿಸಿದ. ರಾಟೆಯ ಮುಂದಿದ್ದ ಬೀರಮ್ಮ ಕೈ ತೆಗೆಯಲೂ ಹೆದರಿ ಅದರ ಹಿಡಿಕೆ ಹಿಡಿದೇ ಕೂತಳು.

“ಓಬಮ್ಮ ಒಂದು ಮಾತು ಹೇಳಿ ಕಳಿಸವ್ಳೆ” ಎಂದ ಜುಂಜಪ್ಪ. “ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ. ಈ ಸಲ ನನ್ನ ಕಡೆಯಿಂದ ಒಂದಕ್ಷರ ಸೇರ್ಸಲ್ಲಪ್ಪ, ಬಿಡೋದೂ ಇಲ್ಲ. ಅವಳಂದಿದ್ದು ಹಿಂಗೆ: ಆ ಕುಲಾವಿ ಅಲ್ಲೇ ಇರ್ಲಿ, ಮುಂದೆ ಹುಟ್ಟೋ ಕೂಸಿಗೆ ಬೇಕಾಗ್ತೈತೆ. ಅದ್ರ ದೊಡ್ಡಮ್ಮನ ಕೈಗೆ ಕೊಟ್ಟು ಜ್ವಾಪಾನ ಮಾಡೋಕೆ ಹೇಳ್ರಿ, ಅಂತ.”

ಮಲ್ಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಚಂದ್ರಕ್ಕ ಒಳಗೆ ಓಡಿದಳು. ಏನು ತಪ್ಪು ಹೇಳಿದೆನೋ ಎಂದು ಜುಂಜಪ್ಪ ಗಾಬರಿಯಾಗಿ ಎಲ್ಲರ ಮುಖ ನೋಡುತ್ತಿದ್ದ.

ಗುಡ್ಡಪ್ಪ ರಾಟೆಯ ಕಡೆ ತಿರುಗಿದ. ಮಾತು ಎಲ್ಲೂ ಸಿಕ್ಕಿಕೊಳ್ಳದೆ ಕೊನೆಯವರೆಗೂ ಬಂತು.

“ಕೇಳಿದ್ಯೇನೇ, ಬೀರವ್ವಾ?”